ಹಳೇ ಟ್ರ್ಯಾಕ್ಟರ್ ಎಷ್ಟಕ್ಕೆ ಬಂತು ಅಲ್ಲ, ತಾಸಿಗೆ ಎಷ್ಟು ಬಿತ್ತು?

ಹತ್ತಿ ಮಾರಿದ ರೊಕ್ಕ ಕೈಗೆ ಬರುವ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರದ ಊರುಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ. “ಹಳೇ ಟ್ರ್ಯಾಕ್ಟರ್ ಒಂದು ಬಂದದಂತ, ಟ್ರಾಲಿ ಸಮೇತ ನಾಕು ಲಕ್ಷಕ್ಕ ಕೊಡ್ತಾರಂತ, ತಗೊಳ್ಳೋಣೇನು?” ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೋ ಹುಡುಗಿಯೋ ಇದ್ದರೆ ಹಾಸ್ಟೆಲ್ಲಿಗೆ ಫೋನ್ ಬರುತ್ತದೆ. “ನೀ ಇದನ್ನೇ ಓದ್ಲಿಕ್ಕತ್ತಿದಿ ಅಲ್ಲ, ನೋಡಿ ಹೇಳು” ಅಂತಾರೆ. ನಾವೇನು ಹೇಳುತ್ತೇವೆ? ಕಂಪನಿ ಯಾವುದು, ಎಷ್ಟು ಎಚ್‌ಪಿ, ಯಾವ ಮಾಡೆಲ್ ಅಂತ ಕೇಳುತ್ತೇವೆ. ಫೋಟೋ ಕಳಿಸಲು ಹೇಳುತ್ತೇವೆ. ಟೈರ್ ಚೆನ್ನಾಗಿವೆ, ಬಣ್ಣ ಚೆನ್ನಾಗಿದೆ, ತಗೊಳ್ಳಿ ಅಂತೀವಿ. ಕೇಳಬೇಕಾದ ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ: ವರ್ಷಕ್ಕೆ ಎಷ್ಟು ತಾಸು ಓಡಿಸುತ್ತೀರಿ?

ನಮ್ಮ ವಾದ ಇಷ್ಟೇ. ಹಳೇ ಟ್ರ್ಯಾಕ್ಟರ್ ಅಗ್ಗವೋ ತುಟ್ಟಿಯೋ ಎಂಬುದನ್ನು ಕೊಂಡ ಬೆಲೆ ತೀರ್ಮಾನ ಮಾಡುವುದಿಲ್ಲ. ಅದು ವರ್ಷಕ್ಕೆ ದುಡಿಯುವ ತಾಸು, ಅದಕ್ಕೆ ತಂದ ಸಾಲದ ಬಡ್ಡಿ, ಅದರ ಹಿಂದೆ ಕಟ್ಟಿದ ಟ್ರಾಲಿ, ಈ ಮೂರು ತೀರ್ಮಾನ ಮಾಡುತ್ತವೆ. ಈ ಲೆಕ್ಕ ಹಾಕದೆ ಕೊಂಡ ಗಾಡಿ ಎಷ್ಟೋ ಸಲ ಮೂರು ವರ್ಷದಲ್ಲಿ ಮತ್ತೊಬ್ಬರಿಗೆ ಹೋಗುತ್ತದೆ, ಹೋಗುವಾಗ ಜೊತೆಗೆ ಎಕರೆ ಹೊಲವನ್ನೂ ಎಳೆದುಕೊಂಡು ಹೋಗುತ್ತದೆ. ಮನೆಯಲ್ಲಿ ಅದೇ ರೊಕ್ಕ ನಮ್ಮ ಫೀಸಿಗೂ, ತಂಗಿಯ ಮದುವೆಗೂ, ಬೋರ್‌ವೆಲ್ಲಿಗೂ ಆಗಬೇಕಾಗಿರುತ್ತದೆ. ಹಾಗಾಗಿ ಇದು ಗಾಡಿ ಹುಚ್ಚಿನವರು ಮಾತ್ರ ಓದುವ ವಿಷಯ ಅಲ್ಲ.

ಎಳೆಯೋ ಗಾಡಿ ಅಂದ್ರೆ ನಮ್ಮಲ್ಲಿ ಟ್ರ್ಯಾಕ್ಟರೇ

ಹೊರದೇಶದಲ್ಲಿ ಭಾರ ಎಳೆಯಲು ಜನ ಹಳೇ ಡೀಸೆಲ್ ಪಿಕಪ್ ಕೊಳ್ಳುತ್ತಾರೆ. ನಮ್ಮ ಕಡೆ ಆ ಕೆಲಸವೆಲ್ಲ ಟ್ರ್ಯಾಕ್ಟರಿನದ್ದು. ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗಬೇಕು, ತೊಗರಿ ಎಪಿಎಂಸಿಗೆ ಹೋಗಬೇಕು, ಕಾಲುವೆ ಕೆಳಗಿನ ಭತ್ತ ಮಿಲ್ಲಿಗೆ ಹೋಗಬೇಕು, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗಬೇಕು, ಮನೆ ಕಟ್ಟುವವರಿಗೆ ಇಟ್ಟಂಗಿ ಬೇಕು, ಮೈಲಾಪುರದ ಮಲ್ಲಯ್ಯನ ಜಾತ್ರೆಗೂ ತಿಂಥಣಿ ಮೌನೇಶ್ವರನ ಜಾತ್ರೆಗೂ ಜನ ಹೋಗಬೇಕು. ಎಲ್ಲಕ್ಕೂ ಅದೇ ಟ್ರ್ಯಾಕ್ಟರ್, ಅದೇ ಟ್ರಾಲಿ. ಉಳುಮೆ ವರ್ಷದಲ್ಲಿ ಕೆಲವೇ ವಾರ. ಎಳೆಯುವುದು ಮಾತ್ರ ಬಾರಾ ತಿಂಗಳು.

ಹಳೇ ಗಾಡಿ ಬೇಕು ಅನ್ನುವವರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಮಿರಗ ಮಳೆ ಬಿದ್ದ ಮರುದಿನ ಊರಿನ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು. ಬಾಡಿಗೆ ಗಾಡಿಯವರು ಮೊದಲು ದೊಡ್ಡ ಹೊಲದವರ ಕಡೆಗೇ ಹೋಗುತ್ತಾರೆ. ಸಣ್ಣ ರೈತನ ಸರದಿ ಬರುವಷ್ಟರಲ್ಲಿ ಹಸಿ ಆರಿ ಹೋಗಿರುತ್ತದೆ. ಎರೆ ಭೂಮಿ ಬಹಳ ಹಸಿಯಾದರೂ ಗಾಡಿ ಹೂತುಕೊಳ್ಳುತ್ತದೆ, ಬಹಳ ಒಣಗಿದರೂ ಹೆಂಟೆ ಏಳುತ್ತದೆ. ನಡುವೆ ಸಿಗುವುದು ಕೆಲವೇ ದಿನ. ಆ ದಿನಕ್ಕೆ ಗಾಡಿ ಸ್ವಂತದ್ದಿರಬೇಕು ಅನ್ನುವುದು ಹಟವಲ್ಲ, ಅನುಭವ. ಮತ್ತೆ, “ಎತ್ತು ದುಡಿಯದಿದ್ದ ದಿನಾನೂ ಮೇವು ತಿಂತಾವ, ಟ್ರ್ಯಾಕ್ಟರ್ ನಿಂತ್ರ ಏನೂ ತಿನ್ನಂಗಿಲ್ಲ” ಅಂತಾರೆ. ಈ ಎರಡನೇ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ನಿಂತ ಟ್ರ್ಯಾಕ್ಟರೂ ತಿನ್ನುತ್ತದೆ. ಅದು ಮೇವಿನ ಬದಲು ಬಡ್ಡಿ ತಿನ್ನುತ್ತದೆ, ಮೇವಿನ ಹಾಗೆ ಬಡ್ಡಿ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಲೆಕ್ಕ ಹಾಕೋಣ ಬರ್ರಿ

ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾವು ಹಿಡಿದವು. ನಿಮ್ಮ ಊರಿನ ದರ ಹಾಕಿಕೊಂಡು ನೀವೇ ತಿದ್ದಿಕೊಳ್ಳಿ.

ಸುಮಾರು 45 ಎಚ್‌ಪಿಯ, ಹತ್ತು ಹನ್ನೆರಡು ವರ್ಷದ ಹಳೇ ಟ್ರ್ಯಾಕ್ಟರಿಗೆ 3 ಲಕ್ಷ, ಹಳೇ ಟ್ರಾಲಿಗೆ 1 ಲಕ್ಷ, ಒಟ್ಟು 4 ಲಕ್ಷ ಅಂತ ಇಟ್ಟುಕೊಳ್ಳೋಣ. ಇದರಲ್ಲಿ 2 ಲಕ್ಷ ಮನೆಯದು, 2 ಲಕ್ಷ ಸಾಹುಕಾರರ ಹತ್ತಿರ ನೂರಕ್ಕೆ ಎರಡರ ಬಡ್ಡಿಗೆ ತಂದದ್ದು. ನೂರಕ್ಕೆ ಎರಡು ಅಂದರೆ ಕೇಳಲು ಸಣ್ಣದು, ಆದರೆ ಅದು ತಿಂಗಳಿಗೆ. ವರ್ಷಕ್ಕೆ ಶೇಕಡ 24.

ಮೊದಲು ಗಾಡಿ ಓಡಲಿ ಬಿಡಲಿ ಆಗುವ ಖರ್ಚು ನೋಡೋಣ. ಐದು ವರ್ಷ ಇಟ್ಟುಕೊಂಡು ಸುಮಾರು ಎರಡೂಕಾಲು ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 35,000 ಬೆಲೆ ಇಳಿಯಿತು. ಸಾಹುಕಾರರ ಬಡ್ಡಿ 48,000. ಮನೆಯ 2 ಲಕ್ಷ ಬ್ಯಾಂಕಿನಲ್ಲಿ ಇದ್ದಿದ್ದರೆ ಶೇಕಡ 7ರಂತೆ 14,000 ಬರುತ್ತಿತ್ತು, ಅದೂ ಖರ್ಚೇ. ವಿಮೆ, ಕಾಗದಪತ್ರಕ್ಕೆ 8,000. ಒಟ್ಟು 1,05,000 ರೂಪಾಯಿ. ಗಾಡಿಯ ಚಾವಿ ಒಂದು ಸಲವೂ ತಿರುವದಿದ್ದರೂ ಇಷ್ಟು ಹೋಯಿತು.

ಇನ್ನು ಓಡಿದಂತೆ ಆಗುವ ಖರ್ಚು. ಉಳುಮೆ, ಸಾಗಣೆ ಎಲ್ಲ ಸೇರಿ ತಾಸಿಗೆ ಸರಾಸರಿ 4 ಲೀಟರ್ ಡೀಸೆಲ್ ಅಂದುಕೊಂಡರೆ, ಲೀಟರಿಗೆ 90ರಂತೆ 360 ರೂಪಾಯಿ. ಡ್ರೈವರ್ ಕೂಲಿ ತಾಸಿಗೆ 100. ಟೈರ್, ಆಯಿಲ್, ಫಿಲ್ಟರ್, ಕ್ಲಚ್ ಪ್ಲೇಟ್, ನಾಝಲ್ ಕೆಲಸ, ಐದು ವರ್ಷದಲ್ಲಿ ಒಂದು ಸಲ ಇಂಜಿನ್ ಬಿಚ್ಚಿ ಸ್ಲೀವ್ ಪಿಸ್ಟನ್ ಹಾಕಿಸುವುದು, ಇವೆಲ್ಲವನ್ನೂ ಹರಡಿದರೆ ತಾಸಿಗೆ 140. ಒಟ್ಟು ತಾಸಿಗೆ 600 ರೂಪಾಯಿ.

ಊರಲ್ಲಿ ಬಾಡಿಗೆ ದರ ತಾಸಿಗೆ 1,000 ಇದೆ ಅಂದುಕೊಳ್ಳಿ. ಸ್ವಂತ ಗಾಡಿಯಿಂದ ತಾಸಿಗೆ 400 ಉಳಿಯುತ್ತದೆ. 1,05,000 ಭಾಗಿಸು 400. ಉತ್ತರ 262 ತಾಸು ಚಿಲ್ಲರೆ. ಅಂದರೆ ವರ್ಷಕ್ಕೆ 262 ತಾಸಿಗಿಂತ ಕಡಿಮೆ ಓಡಿಸುವವನಿಗೆ ಬಾಡಿಗೆ ಗಾಡಿಯೇ ಅಗ್ಗ. 500 ತಾಸು ಓಡಿಸಿದರೆ ತಾಸಿಗೆ 810 ಬೀಳುತ್ತದೆ, ಲಾಭ ಇದೆ. 200 ತಾಸು ಓಡಿಸಿದರೆ 1,125 ಬೀಳುತ್ತದೆ. 100 ತಾಸಿಗೆ 1,650!

ಈಗ ಹತ್ತು ಎಕರೆಯ ಮನೆತನ ನೋಡಿ. ನೇಗಿಲು, ಕುಂಟೆ, ಬಿತ್ತನೆ, ಗೊಬ್ಬರ, ಮಾಲು ಸಾಗಣೆ ಎಲ್ಲ ಹಿಡಿದು ಎಕರೆಗೆ ವರ್ಷಕ್ಕೆ ಹತ್ತು ತಾಸು ಅಂತ ಧಾರಾಳವಾಗಿ ಇಟ್ಟರೂ 100 ತಾಸು ಆಯಿತು. ಅಷ್ಟೇ ಕೆಲಸಕ್ಕೆ ಬಾಡಿಗೆ ಗಾಡಿ ತಂದಿದ್ದರೆ ಲಕ್ಷ ರೂಪಾಯಿ. ಸ್ವಂತ ಗಾಡಿಗೆ 1,65,000. ಮನೆ ಮುಂದೆ ಟ್ರ್ಯಾಕ್ಟರ್ ನಿಂತಿದೆ ಎಂಬ ಮರ್ಯಾದೆಗೆ ವರ್ಷಕ್ಕೆ 65,000. ಇದು ಒಂದು ವರ್ಷದ ಇಂಜಿನಿಯರಿಂಗ್ ಸರ್ಕಾರಿ ಸೀಟಿನ ಫೀಸಿಗೆ ಹೋಲಿಸುವಂಥ ಮೊತ್ತ ಅಂತ ನಿಮಗೆ ಹೇಳಬೇಕಾಗಿಲ್ಲ.

“ಉಳಿದ ತಾಸು ಬಾಡಿಗಿ ಹೊಡಿತೀವಿ” ಅನ್ನುವುದು ಎಲ್ಲರ ಉತ್ತರ. ಸರಿ, 160 ತಾಸು ಬಾಡಿಗೆ ಹೊಡೆಯಬೇಕು. ಡೀಸೆಲ್ ಬಂಕಿನಲ್ಲಿ ರೊಕ್ಕ ಎಣಿಸಿ ಕೊಡಬೇಕು, 160 ತಾಸಿಗೆ 57,600. ಬಾಡಿಗೆ ರೊಕ್ಕ ಮಾತ್ರ “ರಾಶಿ ಆದ ಮ್ಯಾಲ ಕೊಡ್ತೀನಿ ತಗೋರಿ”. ಕೊಡುವವರು ಕಾಕಾ, ಮಾವ, ಪಕ್ಕದ ಹೊಲದವರು. ಕೇಳಿ ಮುಖ ಕೆಡಿಸಿಕೊಳ್ಳಲು ಆಗುವುದಿಲ್ಲ. ಆರು ತಿಂಗಳು ಉದ್ರಿ ನಿಂತ ರೊಕ್ಕಕ್ಕೆ ಯಾರೂ ಬಡ್ಡಿ ಕೊಡುವುದಿಲ್ಲ, ಸಾಹುಕಾರರು ಮಾತ್ರ ತಿಂಗಳು ತಿಂಗಳು ಹಿಡಿಯುತ್ತಾರೆ.

ಇನ್ನೊಂದು ಅಂಕಿ ಗಮನಿಸಿ. ಅದೇ 2 ಲಕ್ಷ ಬ್ಯಾಂಕಿನಲ್ಲಿ ಶೇಕಡ 10ಕ್ಕೆ ಸಿಕ್ಕಿದ್ದರೆ ಬಡ್ಡಿ 48,000 ಅಲ್ಲ, 20,000. ಉಳಿಯುವುದು 28,000. ತಾಸಿಗೆ 400ರಂತೆ 70 ತಾಸು. ಅಂದರೆ ವರ್ಷದಲ್ಲಿ 70 ತಾಸು ಆ ಗಾಡಿ ಸಾಹುಕಾರರ ಹೆಚ್ಚಿನ ಬಡ್ಡಿಗಾಗಿ ಮಾತ್ರ ದುಡಿಯುತ್ತದೆ. ಹಳೇ ಗಾಡಿಗೆ ಬ್ಯಾಂಕು ಸುಲಭಕ್ಕೆ ಸಾಲ ಕೊಡುವುದಿಲ್ಲ, ಹೊಸದಕ್ಕೆ ಕೊಡುತ್ತದೆ. ಅಗ್ಗದ ಗಾಡಿಗೆ ತುಟ್ಟಿ ಸಾಲ, ತುಟ್ಟಿ ಗಾಡಿಗೆ ಅಗ್ಗದ ಸಾಲ. ಇದಲ್ಲದೆ 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 7 ಲಕ್ಷ ಬೆಲೆಯ ಗಾಡಿಗೆ ಇದರಿಂದ 49,000 ಕಡಿಮೆ. ಟ್ರ್ಯಾಕ್ಟರ್ ಟೈರಿನ ಮೇಲಿನ ತೆರಿಗೆಯೂ 18ರಿಂದ 5ಕ್ಕೆ ಬಂದಿದೆ. ಹೊಸದು ಇಷ್ಟು ಇಳಿದಾಗ ಹಳೇದರ ಬೆಲೆಯೂ ಇಳಿಯಬೇಕು. ದಲ್ಲಾಳಿ ಅದನ್ನು ಹೇಳುವುದಿಲ್ಲ, ನಾವು ಹೇಳಬೇಕು.

ಗಾಡಿ ಎಲ್ಲಿ ದುಡಿದು ಬಂತು?

ಮಾರುವವರು ಮಾಡೆಲ್ ವರ್ಷ ಹೇಳುತ್ತಾರೆ. ನಾವು ಕೇಳಬೇಕಾದದ್ದು ಅದು ದುಡಿದ ಭೂಮಿ ಯಾವುದು ಅಂತ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಸುರಪುರ, ಶಹಾಪುರ ಭಾಗದಲ್ಲಿ ಭತ್ತ ಬಂದಿದೆ. ಅತ್ತ ತುಂಗಭದ್ರಾ ಕಾಲುವೆಯ ಸಿಂಧನೂರು, ಗಂಗಾವತಿ ಕಡೆಯೂ ಭತ್ತವೇ. ಗದ್ದೆಯಲ್ಲಿ ಕಬ್ಬಿಣದ ಕೇಜ್ ವೀಲ್ ಹಾಕಿ ಕೆಸರು ಹೊಡೆದ ಗಾಡಿಗೂ, ಯಾದಗಿರಿ, ಗುರುಮಠಕಲ್ ಕಡೆಯ ಒಣ ಬೇಸಾಯದಲ್ಲಿ ತೊಗರಿ, ಹೆಸರು ಬಿತ್ತಿದ ಗಾಡಿಗೂ ಒಂದೇ ವಯಸ್ಸು ಇದ್ದರೂ ಒಂದೇ ಆಯುಷ್ಯ ಇರುವುದಿಲ್ಲ. ಕೆಸರಿನಲ್ಲಿ ಅಚ್ಚು ಮುಳುಗಿ ಓಡಿದ ಗಾಡಿಯಲ್ಲಿ ಆಯಿಲ್ ಸೀಲ್ ಸವೆದು ನೀರು, ಮಣ್ಣು ಒಳಗೆ ಹೋಗುತ್ತವೆ. ಬೇರಿಂಗ್, ಬ್ರೇಕ್, ಹಿಂದಿನ ಗೇರುಗಳು ಒಳಗೊಳಗೇ ತಿನ್ನಲ್ಪಡುತ್ತವೆ. ಹೊರಗೆ ಹೊಸ ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ. ಗೇರ್ ಆಯಿಲ್ ಸ್ವಲ್ಪ ತೆಗೆದು ನೋಡಿ. ಹಾಲು ಬೆರೆಸಿದ ಚಹಾದಂತೆ ಇದ್ದರೆ ನೀರು ಸೇರಿದೆ. ಅಲ್ಲಿಗೆ ಬೆಲೆಯ ಮಾತು ನಿಲ್ಲಿಸಿ.

ಉಳಿದ ಪರೀಕ್ಷೆಗಳಿಗೂ ದೊಡ್ಡ ಲ್ಯಾಬ್ ಬೇಡ. ನೋಡಲು ಬೆಳಿಗ್ಗೆ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಟ್ಟ ಗಾಡಿ ನೋಡಬೇಡಿ. ಬಾನೆಟ್ ಮುಟ್ಟಿ, ತಣ್ಣಗಿರಬೇಕು. ತಣ್ಣಗಿನ ಇಂಜಿನ್ ತಳ್ಳದೆ, ಸೆಲ್ಫ್ ಹೊಡೆದ ಕೂಡಲೇ ಶುರುವಾದರೆ ಕಂಪ್ರೆಷನ್ ಇದೆ ಅಂತ ಅರ್ಥ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ಬುಸು ಬುಸು ಬಂದರೆ ರಿಂಗ್ ಸವೆದಿವೆ, ಸುಟ್ಟ ಗಾಳಿ ಪಿಸ್ಟನ್ ದಾಟಿ ಕೆಳಗೆ ಇಳಿಯುತ್ತಿದೆ. ಸೈಲೆನ್ಸರಿನ ಹೊಗೆ ನೀಲಿಯಾದರೆ ಆಯಿಲ್ ಸುಡುತ್ತಿದೆ. ಭಾರ ಬಿದ್ದಾಗ ಕಪ್ಪು ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ: ನಾಝಲ್, ಪಂಪು, ಇಲ್ಲವೇ ಏರ್ ಫಿಲ್ಟರ್ ನೋಡಬೇಕು. ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲಿದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಮುಂದಿನ ಟೈರ್ ಒಂದೇ ಅಂಚಿಗೆ ಸವೆದಿದ್ದರೆ ಕಿಂಗ್ ಪಿನ್, ಬುಷ್ ಸಡಿಲಾಗಿವೆ. ಹಿಂದೆ ನೇಗಿಲು ಎತ್ತಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಅದು ಬೇಗನೆ ತಾನೇ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ.

ಡ್ಯಾಶ್‌ಬೋರ್ಡಿನ ತಾಸಿನ ಮೀಟರನ್ನು ಪೂರ್ತಿ ನಂಬಬೇಡಿ. ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಅದು ಸತ್ತಿರುತ್ತದೆ, ಇಲ್ಲವೇ ಬದಲಾಗಿರುತ್ತದೆ. ಸರಿಯಾಗಿದ್ದರೂ ಹಳೆಯ ಮಾದರಿಯ ಮೀಟರು ಗಡಿಯಾರದ ತಾಸು ಎಣಿಸುವುದಿಲ್ಲ, ಇಂಜಿನ್ ಸುತ್ತು ಎಣಿಸುತ್ತದೆ. ನಿಗದಿಪಡಿಸಿದ ವೇಗಕ್ಕಿಂತ ನಿಧಾನ ಓಡಿದರೆ ಮೀಟರೂ ನಿಧಾನ. ಅದಕ್ಕಿಂತ ಕ್ಲಚ್ ಪೆಡಲ್, ಬ್ರೇಕ್ ಪೆಡಲ್ ಎಷ್ಟು ಸವೆದಿವೆ ನೋಡಿ. ಮೀಟರಿನಲ್ಲಿ 2,000 ತಾಸು ಇದ್ದು ಪೆಡಲ್ ಕಬ್ಬಿಣ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪೆಡಲನ್ನು ನಂಬಿ.

ಡೀಸೆಲ್ ಅಳೆಯುವುದು ಇನ್ನೂ ಸುಲಭ. ಟ್ಯಾಂಕ್ ಬಾಯಿಮಟ್ಟ ತುಂಬಿಸಿ, ಒಂದು ತಾಸು ನಿಜವಾದ ಕೆಲಸ ಮಾಡಿಸಿ, ಲೀಟರ್ ಅಳತೆಯ ಡಬ್ಬಿಯಿಂದ ಮತ್ತೆ ಬಾಯಿಮಟ್ಟ ತುಂಬಿ. ತಾಸಿಗೆ ಒಂದೇ ಲೀಟರ್ ಹೆಚ್ಚು ಕುಡಿದರೂ 500 ತಾಸಿಗೆ 45,000 ರೂಪಾಯಿ. ಬೆಲೆಯಲ್ಲಿ ಹತ್ತು ಸಾವಿರಕ್ಕೆ ಅರ್ಧ ದಿನ ಚೌಕಾಸಿ ಮಾಡುವ ನಾವು ಈ ಒಂದು ತಾಸಿನ ಪರೀಕ್ಷೆಗೆ ಕೂಡುವುದಿಲ್ಲ.

ಟ್ರಾಲಿಯ ಲೆಕ್ಕ ಯಾರೂ ಬರೆಯುವುದಿಲ್ಲ

ಇಷ್ಟು ಹೊತ್ತು ಹೇಳಿದ್ದು ರೊಕ್ಕದ ಲೆಕ್ಕ. ಇನ್ನು ಮುಂದಿನದು ರೊಕ್ಕಕ್ಕಿಂತ ದೊಡ್ಡದು.

ಟ್ರ್ಯಾಕ್ಟರ್ ತೂಕ ಸುಮಾರು 2 ಟನ್. ಹಿಂದೆ ಟ್ರಾಲಿ, ಮಾಲು ಸೇರಿ 6 ಟನ್ ಅಂದುಕೊಳ್ಳಿ. ನಮ್ಮ ಕಡೆಯ ಬಹಳಷ್ಟು ಟ್ರಾಲಿಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಹಾಗಾದರೆ 2 ಟನ್ನಿಗೆ ಮಾಡಿದ ಬ್ರೇಕು 8 ಟನ್ ನಿಲ್ಲಿಸಬೇಕು. ಮೊದಲ ಸೆಮಿಸ್ಟರಿನ ಫಿಸಿಕ್ಸ್ ಸಾಕು: ತಡೆಯುವ ಬಲ ಅಷ್ಟೇ ಇದ್ದು ತೂಕ ನಾಲ್ಕು ಪಟ್ಟಾದರೆ ನಿಲ್ಲುವ ದೂರವೂ ಹತ್ತಿರ ಹತ್ತಿರ ನಾಲ್ಕು ಪಟ್ಟು. ಎರಡು ಗಾಲಿಯ ಟ್ರಾಲಿ ತನ್ನ ಸ್ವಲ್ಪ ಭಾರವನ್ನು ಕೊಂಡಿಯ ಮೇಲೆ ಹಾಕುವುದರಿಂದ ಹಿಂದಿನ ಗಾಲಿಗೆ ಹಿಡಿತ ತುಸು ಹೆಚ್ಚುತ್ತದೆ, ನಿಜ. ಆದರೆ ಅದೇ ಭಾರ ಅತಿಯಾದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಏರಿನಲ್ಲಿ ಮೂತಿ ಮೇಲೆ ಎತ್ತುವುದನ್ನು ಎಲ್ಲರೂ ನೋಡಿದ್ದೇವೆ, ನಕ್ಕಿದ್ದೇವೆ. ಕೊಂಡಿಯನ್ನು ಎಷ್ಟು ಮೇಲೆ ಹಾಕಿದರೆ ಅಷ್ಟು ಸುಲಭಕ್ಕೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಎಳೆಯುವ ಸರಪಳಿಯನ್ನು ಮೇಲಿನ ಲಿಂಕಿಗೆ ಎಂದೂ ಕಟ್ಟಬಾರದು.

ಇನ್ನೊಂದು ಸಣ್ಣ ಕೊಂಡಿ ಇದೆ. ಟ್ರ್ಯಾಕ್ಟರಿನಲ್ಲಿ ಎಡ ಗಾಲಿಗೆ ಒಂದು, ಬಲ ಗಾಲಿಗೆ ಒಂದು ಬ್ರೇಕ್ ಪೆಡಲ್. ಹೊಲದಲ್ಲಿ ತಿರುಗಿಸಲು ಅನುಕೂಲ ಅಂತ ಬೇರೆ ಬೇರೆ. ರಸ್ತೆಗೆ ಬಂದ ಕೂಡಲೇ ಎರಡನ್ನೂ ಜೋಡಿಸುವ ಕೊಂಡಿ ಹಾಕಬೇಕು. ಅದನ್ನು ಮರೆತು, ಹತ್ತಿ ತುಂಬಿದ ಟ್ರಾಲಿಯೊಂದಿಗೆ ಒಂದೇ ಪೆಡಲ್ ತುಳಿದರೆ ಗಾಡಿ ಒಂದು ಕಡೆಗೆ ತಿರುಗಿಬಿಡುತ್ತದೆ. ಹಳೇ ಗಾಡಿಯಲ್ಲಿ ಆ ಕೊಂಡಿ ಉದುರಿ ಹೋಗಿರುವುದೇ ಹೆಚ್ಚು. ಹಾಕಿಸಲು ಖರ್ಚು ಬಹಳ ಇಲ್ಲ. ಶಹಾಪುರದ ಮೇಲೆ ಹಾದುಹೋಗುವ 150ಎ ಹೆದ್ದಾರಿಯಲ್ಲಿ ರಾತ್ರಿ ಹಿಂದೆ ಲೈಟಿಲ್ಲದ, ರೇಡಿಯಂ ಪಟ್ಟಿಯೂ ಇಲ್ಲದ ಟ್ರಾಲಿ ನಿಂತಿರುವುದನ್ನು ನೆನೆಸಿಕೊಳ್ಳಿ. ಬೈಕಿನಲ್ಲಿ ಬರುವವನಿಗೆ ಅದು ಕಾಣುವುದು ಕೊನೆಯ ಹತ್ತು ಮಾರಿನಲ್ಲಿ.

ಕಾನೂನಿನ ದೃಷ್ಟಿಯಲ್ಲಿ ಟ್ರಾಲಿ ಬೇರೆಯೇ ವಾಹನ. ಅದಕ್ಕೆ ಬೇರೆ ನೋಂದಣಿ ಬೇಕು, ವಿಮೆಯಲ್ಲಿ ಅದರ ಹೆಸರೂ ಬರಬೇಕು. ಕೆಎ-33 ನಂಬರಿನ ಟ್ರ್ಯಾಕ್ಟರ್ ಹಿಂದೆ ನಂಬರೇ ಇಲ್ಲದ ಟ್ರಾಲಿ ನಮಗೆ ದಿನವೂ ಕಾಣುವ ನೋಟ. ಏನೂ ಆಗದಿದ್ದರೆ ಏನೂ ಇಲ್ಲ. ಏನಾದರೂ ಆದರೆ ವಿಮಾ ಕಂಪನಿ ಮೊದಲು ಕೇಳುವುದೇ ಇದನ್ನು.

ಅದಕ್ಕೂ ಮೇಲೆ, ಟ್ರಾಲಿಯಲ್ಲಿ ನಾವು ಮಾಲಷ್ಟೇ ಒಯ್ಯುವುದಿಲ್ಲ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣುಮಕ್ಕಳು ಅದರಲ್ಲೇ ಕೂತು ಹೋಗುತ್ತಾರೆ. ಜಾತ್ರೆಗೆ ಇಡೀ ಓಣಿ ಹೋಗುತ್ತದೆ. ಟ್ರಾಲಿ ಜನ ಕೂಡಲು ಮಾಡಿದ ವಾಹನ ಅಲ್ಲ, ಅದರಲ್ಲಿ ಕೂತವರಿಗೆ ಸಾಮಾನ್ಯ ವಿಮೆ ಅನ್ವಯಿಸುವುದಿಲ್ಲ. 2007ರಲ್ಲಿ ಟ್ರಾಲಿಯಲ್ಲಿ ಹೋಗುತ್ತಿದ್ದ ಕೂಲಿಕಾರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಮಾ ಕಂಪನಿ ಹೊಣೆಯಲ್ಲ ಎಂದಿತು. ಬಡ ಕೂಲಿಕಾರ ಎಂಬ ಕಾರಣಕ್ಕೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಅದನ್ನು ಗಾಡಿಯ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶಿಸಿತು. ಅಂದರೆ ಕೊನೆಗೆ ಹೊರೆ ಬೀಳುವುದು ಮಾಲೀಕನ ಹೊಲದ ಮೇಲೆ. ಹೋದವರ ಮನೆಯ ನಷ್ಟಕ್ಕಂತೂ ಯಾವ ಲೆಕ್ಕವೂ ಇಲ್ಲ. ಕೂಲಿಗೆ ಬರುವವರು ನಮ್ಮ ಊರಿನವರೇ, ಎಷ್ಟೋ ಸಲ ನಮ್ಮ ಮನೆಯವರೇ.

ಕಾಗದದ ವಿಷಯ ಒಂದೆರಡು ಮಾತು. “ಆರ್‌ಸಿ ಆಮ್ಯಾಲ ಮಾಡ್ಸಿಕೊಳ್ರಿ” ಅನ್ನುವ ಮಾರಾಟಗಾರನಿಗೇ ಅದು ಅಪಾಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಕೈ ನಾಲ್ಕು ಬದಲಾದರೂ ಅಪಘಾತವಾದಾಗ ನೋಟಿಸ್ ಬರುವುದು ಮೊದಲಿನ ಹೆಸರಿಗೆ. ಕೊಳ್ಳುವವರಿಗೆ ಅಪಾಯ ಬೇರೆ ಥರದ್ದು. ಗಾಡಿಯ ಮೇಲೆ ಫೈನಾನ್ಸ್ ಬಾಕಿ ಇದ್ದರೆ, ರೊಕ್ಕ ಕೊಟ್ಟು ತಂದ ಗಾಡಿಯನ್ನೇ ಅವರು ಎಳೆದುಕೊಂಡು ಹೋಗಬಹುದು. ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ, ಸಾಲ ತೀರಿದ್ದಕ್ಕೆ ಫಾರ್ಮ್ 35 ಮತ್ತು ಫೈನಾನ್ಸಿನವರ ಎನ್‌ಒಸಿ, ಇವು ಕೈಗೆ ಬರುವ ತನಕ ಪೂರ್ತಿ ರೊಕ್ಕ ಎಣಿಸಬಾರದು. ಕೊಂಡ 14 ದಿನದೊಳಗೆ ವಿಮೆಯಲ್ಲಿ ಹೆಸರು ಬದಲಿಸಲು ಅರ್ಜಿ ಕೊಡಬೇಕು. ಗಾಡಿಗೆ 15 ವರ್ಷ ತುಂಬುತ್ತಿದ್ದರೆ ನೋಂದಣಿ ನವೀಕರಣದ ಖರ್ಚನ್ನೂ ಬೆಲೆಯಲ್ಲಿ ಕಳೆಯಬೇಕು.

ಸಾಲ ತೀರಿಸಲು ಕೃಷ್ಣೆ, ಭೀಮೆಯ ದಂಡೆಯ ಮರಳು ಹೊಡೆಯೋಣ ಅನ್ನುವ ಸಲಹೆಯೂ ಬರುತ್ತದೆ. ಪರ್ಮಿಟ್ ಇಲ್ಲದ ಮರಳು ಸಿಕ್ಕರೆ 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಗಾಡಿಯನ್ನೇ ಜಪ್ತಿ ಮಾಡಲು ಅವಕಾಶ ಇದೆ. ಠಾಣೆಯ ಮುಂದೆ ಬಿಸಿಲಿಗೆ ಟೈರ್ ಸೀಳಿಕೊಂಡು ನಿಂತ ಗಾಡಿಗೂ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ ಓಡುತ್ತಲೇ ಇರುತ್ತದೆ.

ಹಾಗಾದ್ರೆ ಏನು ಮಾಡಬೇಕು?

ಹಳೇ ಟ್ರ್ಯಾಕ್ಟರ್ ಯಾರೂ ಕೊಳ್ಳಬಾರದು ಅಂತ ನಾವು ಹೇಳುತ್ತಿಲ್ಲ. ಸ್ವಂತ ಕೆಲಸವೇ 250, 300 ತಾಸು ಇದ್ದವರು, ಮನೆಯಲ್ಲೇ ಗಾಡಿ ಬಿಚ್ಚಿ ಕೂಡಿಸಬಲ್ಲವರು ಇದ್ದವರು, ಸಾಹುಕಾರರ ಸಾಲವಿಲ್ಲದೆ ಕೊಳ್ಳಬಲ್ಲವರು ಧೈರ್ಯವಾಗಿ ಕೊಳ್ಳಬಹುದು. ಅವರಿಗೆ ಹಳೇ ಗಾಡಿ ಹೊಸದಕ್ಕಿಂತ ಲಾಭದ್ದೇ ಆಗುತ್ತದೆ. ಆದರೆ ಬೆಲೆಯ ಜೊತೆಗೆ ಮೊದಲ ವರ್ಷದ ರಿಪೇರಿಗೆ ಅಂತ 50,000 ತೆಗೆದಿಡಬೇಕು. ನಾಲ್ಕು ಲಕ್ಷ ಇದ್ದವರು ಮೂರೂವರೆ ಲಕ್ಷದ ಗಾಡಿ ನೋಡಬೇಕು. ಇದ್ದದ್ದೆಲ್ಲ ಬೆಲೆಗೇ ಸುರಿದರೆ, ಬಿತ್ತನೆಯ ವಾರದಲ್ಲಿ ಕ್ಲಚ್ ಹೋದಾಗ ಮತ್ತೆ ಸಾಹುಕಾರರ ಬಾಗಿಲೇ ಗತಿ. ಗಾಡಿ ನಾಲ್ಕು ದಿನ ಮೆಕ್ಯಾನಿಕ್ ಹತ್ತಿರ ನಿಂತರೆ ಬಿಲ್ಲು ಹದಿನೈದು ಸಾವಿರ ಇರಬಹುದು, ಹಸಿ ಆರಿದ ನಷ್ಟ ಆ ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಹತ್ತು ಎಕರೆಯವರಿಗೆ ಎರಡು ದಾರಿ ಇವೆ. ಒಂದು, ಮೂರು ಮನೆತನ ಕೂಡಿ ಒಂದು ಗಾಡಿ. 300 ತಾಸು ಆಗ ತಾನಾಗಿ ಆಗುತ್ತದೆ. “ಪಾಲಿನ ಗಾಡಿ ಹಾಳು” ಅಂತಾರೆ. ಜಗಳ ಬರುವುದು ಪಾಲಿನಿಂದಲ್ಲ, ಲೆಕ್ಕ ಬರೆಯದ್ದರಿಂದ. ಯಾರು ಎಷ್ಟು ತಾಸು ಓಡಿಸಿದರು, ಯಾರು ಎಷ್ಟು ಡೀಸೆಲ್ ಹಾಕಿಸಿದರು ಅನ್ನುವುದು ಒಂದು ವಹಿಯಲ್ಲಿದ್ದರೆ, ಬಿತ್ತನೆಯ ಸರದಿ ಪ್ರತಿ ವರ್ಷ ತಿರುಗಿದರೆ ಅರ್ಧ ಜಗಳ ಮುಗಿಯಿತು. ಎರಡು, ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು. ಹೋಬಳಿ ಮಟ್ಟದಲ್ಲಿ ಯಂತ್ರ ಬಾಡಿಗೆಗೆ ಸಿಗಲಿ ಅಂತಲೇ ಇವನ್ನು ಮಾಡಿದ್ದು. ಬೇಕಾದ ದಿನ ಗಾಡಿ ಸಿಗುವುದಿಲ್ಲ ಎಂಬ ದೂರು ಇದ್ದರೆ ಅದಕ್ಕೆ ಪರಿಹಾರ ಪ್ರತಿ ಮನೆಗೆ ಒಂದು ಹಳೇ ಗಾಡಿ ಅಲ್ಲ. ಬಿತ್ತನೆಯ ಎರಡು ವಾರಕ್ಕೆ ಸಣ್ಣ ರೈತರ ಸರದಿ ಮೊದಲು ಬರಲಿ, ಸರದಿಯ ಪಟ್ಟಿ ಗೋಡೆಗೆ ಅಂಟಲಿ ಅಂತ ಊರವರು ಕೂಡಿ ಕೇಳಬೇಕು.

ನಮ್ಮ ಕಾಲೇಜಿನವರ ಕೆಲಸ ಬೇರೆ ಇದೆ. ನಾಲ್ಕು ವರ್ಷ ಥರ್ಮೋಡೈನಾಮಿಕ್ಸ್ ಓದಿ, ಮನೆಯ ಟ್ರ್ಯಾಕ್ಟರ್ ತಾಸಿಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ಹೇಳಲು ಬರದಿದ್ದರೆ ಆ ಓದು ಮನೆಗೆ ಮುಟ್ಟಲಿಲ್ಲ ಅಂತಲೇ ಅರ್ಥ. ಫೈನಲ್ ಇಯರ್ ಪ್ರಾಜೆಕ್ಟಿಗೆ ಪ್ರತಿ ವರ್ಷ ಎಲ್ಲಿಂದಲೋ ತಂದ ಮಾಡೆಲ್ ತೋರಿಸುತ್ತೇವೆ. ಅದರ ಬದಲು ಎರಡು ಗಾಲಿಯ ಟ್ರಾಲಿಗೆ ಊರಿನ ವೆಲ್ಡಿಂಗ್ ಶಾಪಿನಲ್ಲೇ ಕೂಡಿಸಬಹುದಾದ ಬ್ರೇಕ್ ಯಾಕೆ ಮಾಡಬಾರದು? ಟ್ರಾಲಿ ಮುಂದಕ್ಕೆ ನೂಕಿದಾಗ ಆ ನೂಕುವ ಬಲದಿಂದಲೇ ಹಿಡಿಯುವ ಬ್ರೇಕು ಹೊರದೇಶದ ಟ್ರೇಲರ್‌ಗಳಲ್ಲಿ ಹಳೆಯ ಸಂಗತಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜಿದೆ, ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಕೇಳಲು ಜಾಗ ಇವೆ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ. ಐದು ಗೆರೆ ಎಳೆಯಿರಿ: ತಾರೀಖು, ಕೆಲಸ, ತಾಸು, ಡೀಸೆಲ್, ಖರ್ಚು. ಉದ್ರಿಗೆ ಹಿಂದಿನ ಪುಟ ಇಡಿ. ಟ್ರ್ಯಾಕ್ಟರ್ ಇದ್ದವರ ಮನೆಯಲ್ಲಿ ಅದನ್ನು ಸೀಟಿನ ಕೆಳಗೆ ಇಟ್ಟು ಬನ್ನಿ. ಇಲ್ಲದವರ ಮನೆಯಲ್ಲಿ ಈ ವರ್ಷ ಬಾಡಿಗೆಗೆ ಎಷ್ಟು ತಾಸು ಕರೆಸಿದರು ಎಂದು ಬರೆಸಿ. ಬ್ರೇಕ್ ಪೆಡಲಿನ ಕೊಂಡಿ ಇದೆಯೇ ನೋಡಿ, ಇಲ್ಲದಿದ್ದರೆ ಅವತ್ತೇ ಹಾಕಿಸಿ. ಟ್ರಾಲಿಯ ಹಿಂದೆ ಕೆಂಪು ರೇಡಿಯಂ ಪಟ್ಟಿ ನೀವೇ ಅಂಟಿಸಿ. ವರ್ಷದ ಕೊನೆಗೆ ಆ ವಹಿಯ ಅಂಕಿ ತಂದರೆ ನಮ್ಮ ಬಳಗದಲ್ಲಿ ಕೂತು ಪ್ರತಿ ಮನೆಯ ತಾಸಿನ ದರ ತೆಗೆಯೋಣ. ಹೆಸರು ಬೇಡ, ಊರು ಬೇಡ, ಎಕರೆ ಮತ್ತು ತಾಸು ಸಾಕು. ನಾವು ಮೇಲೆ ಹಿಡಿದ ಅಂಕಿ ತಪ್ಪು ಅಂತ ನಿಮ್ಮ ವಹಿ ತೋರಿಸಿದರೆ ಮುಂದಿನ ಸಂಚಿಕೆಯಲ್ಲಿ ನಿಮ್ಮ ಅಂಕಿಯನ್ನೇ ಹಾಕುತ್ತೇವೆ.